ಪಂಚಮವಿಲ್ಲದ ಗಿಟಾರು

ಈ ತಿಂಗಳು ಗಿಟಾರಿನ ಮಾತು. ಮಕ್ಕಳು ಈ ವಾದ್ಯವನ್ನು ಮನೆಗೆ ತಂದಾಗ ಹಿರಿಯರು ಮೂಗು ಮುರಿಯುವುದುಂಟು, ನಾನೂ ಮುರಿದವನೇ.

ಕಾಗವಾಡದಲ್ಲಿರುವ ನಮ್ಮ ಸೋದರತ್ತೆಯವರು ರಾತ್ರಿ ಊಟವಾದ ಬಳಿಕ ಮಾಲಕಂಸ ರಾಗವನ್ನು ಹಾಡುವ ರೂಢಿಯುಳ್ಳವರು. ಕಳೆದ ದೀಪಾವಳಿಯಲ್ಲಿ ಅವರ ತಂಬೂರಿಯ ಬುರುಡೆ ಬಿರುಕುಬಿಟ್ಟಿತು. ದುರಸ್ತಿಗಾಗಿ ಮೀರಜಕ್ಕೆ ಕಳುಹಿದೆವು. ಗಡಿಯಾಚೆಯ ಆ ಊರಿನ ಸಿತಾರ, ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿರುತ್ತದೆ. ಆದರೆ ಅತ್ತೆಯವರು ಅಂದಿನಿಂದ ಹಾಡಲಿಲ್ಲ. ಯಂತ್ರದ ಶ್ರುತಿಪೆಟ್ಟಿಗೆ ಅವರಿಗೆ ಒಗ್ಗದು. ವಯಸ್ಸು ಎಪ್ಪತ್ತೆಂಟು, ಬಿಟ್ಟ ಕಂಠ ಮತ್ತೆ ಬರುವುದೆಂಬ ಭರವಸೆ ಯಾರಿಗಿತ್ತು?

ಚಿಕ್ಕೋಡಿಯಲ್ಲಿ ಓದುವ ನನ್ನ ಮಗನು ತನ್ನ ಗಿಟಾರನ್ನು ಹೆಗಲಿಗೇರಿಸಿ ಅವರಲ್ಲಿಗೆ ಹೋದನು. ಗಿಟಾರಿನ ಆರು ತಂತಿಗಳನ್ನು ವಾಡಿಕೆಯಂತೆ ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ ಎಂದು ಕೂಡಿಸುವರು. ಅವನು ಗೆಳೆಯರಿಂದ ಬೇರೊಂದು ಕ್ರಮವನ್ನು ಕಲಿತಿದ್ದನು: ಡಿ, ಎ, ಡಿ, ಜಿ, ಎ, ಡಿ. ‘ಡಿ’ಯನ್ನು ಷಡ್ಜವೆಂದರೆ ಸ, ಪ, ಸ, ಮ, ಪ, ಸ. ಇಷ್ಟು ಸಾಕೆಂದು ಮೀಟಿದನು. ಅತ್ತೆಯವರು ಕೈಯೆತ್ತಿ ತಡೆದರು. “ತಮ್ಮಾ, ಮಾಲಕಂಸದಾಗ ಪಂಚಮ ಇಲ್ಲೋ!”

ತಂಬೂರಿಯಲ್ಲಾದರೂ ಪಂಚಮ ವರ್ಜ್ಯವಾದ ಇಂಥ ರಾಗಕ್ಕೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುವುದೇ ಪದ್ಧತಿ. ಮಗನು ‘ಎ’ ತಂತಿಗಳೆರಡನ್ನೂ ‘ಜಿ’ಗೆ ಇಳಿಸಿದನು. ದಪ್ಪನೆಯದು ಗಂಭೀರವಾಗಿ ನುಡಿಯಿತು. ತೆಳುವಾದದ್ದು ಸಡಿಲಾಗಿ ಮೆಟ್ಟಿಲಿಗೆ ಬಡಿದು ಗರಗರಿಸಿತು. “ಅದನ್ನ ಕೋಮಲ ನಿಷಾದಕ್ಕ ಏರಿಸು,” ಎಂದರು, ಗಿಟಾರನ್ನೆಂದೂ ಮುಟ್ಟದ ಅತ್ತೆಯವರು! ಅದು ‘ಸಿ’, ವಾಡಿಕೆಯ ‘ಬಿ’ಗಿಂತ ಅರ್ಧ ಸ್ವರ ಮಾತ್ರ ಮೇಲೆ. ಹೀಗೆ ಸ, ಮ, ಸ, ಮ, ನಿ, ಸ. ಅತ್ತೆಯವರ ಶ್ರುತಿ ಹಾರ್ಮೋನಿಯಮ್ಮಿನ ಬಿಳಿ ಐದು. ಐದನೆಯ ಮೆಟ್ಟಿಲಿನಲ್ಲಿ ಕಪೋ ಎಂಬ ಹಿಡಿಕೆಯನ್ನು ಬಿಗಿದು ಷಡ್ಜವನ್ನು ಅಲ್ಲಿಗೆ ತಂದನು. ಹಿಡಿಕೆ ಬಿಗಿದಾಗ ತಂತಿಗಳು ತುಸು ಏರುವುದುಂಟು. ಮತ್ತೊಮ್ಮೆ ಬಿರಡೆ ತಿರುಗಿಸಿ ಕೂಡಿಸತಕ್ಕದ್ದು.

ಮೊದಲು ಕಲಿತ ಬೆರಳಿಡುವಿಕೆ ಈಗ ಉಪಯೋಗಕ್ಕೆ ಬಾರದು. ಹಿಡಿಕೆಯಿಂದ ಎಣಿಸಿದರೆ, ಷಡ್ಜದ ತಂತಿಯಲ್ಲಿ ೩, ೫, ೮, ೧೦, ೧೨ನೆಯ ಮೆಟ್ಟಿಲುಗಳು ಗ, ಮ, ಧ, ನಿ, ಸ. ಗಾಂಧಾರವನ್ನು ಒತ್ತಿದಷ್ಟೇ ನುಡಿಸಿದರೆ ಜಡವಾಗುವುದು; ತಂತಿಯನ್ನೆಳೆದು ತೂಗಬೇಕು. ಅತ್ತೆಯವರಂತೂ ಆ ದಿನ ಸ್ವರ ನುಡಿಸಲು ಬಿಡಲೇ ಇಲ್ಲ. ಬರಿಯ ತಂತಿಗಳನ್ನು ನಿಧಾನವಾಗಿ ಮೀಟೆಂದರು. ಅರ್ಧ ಗಂಟೆ ಮೀಟಿದನು. ಆಮೇಲೆ ಮಂದ್ರದ ಧೈವತದಿಂದ ಕಂಠವೆದ್ದಿತು; ನಡುಗುತ್ತಿತ್ತು, ಆದರೆ ಶ್ರುತಿಯಲ್ಲಿತ್ತು.

ತಂಬೂರಿ ಈಗ ಮೀರಜದಿಂದ ಬಂದಿದೆ. ಆದರೂ ಶನಿವಾರ ಸಂಜೆ ಮಗನು ಕಾಗವಾಡದ ಬಸ್ಸನ್ನೇರುತ್ತಾನೆ. ಗಾಂಧಾರದ ಪಾಠ ಇನ್ನೂ ಮುಗಿದಿಲ್ಲವಂತೆ.