'ಅ' ಬರೆಸಲು 123 ಮೈನಸ್

ಎಂಟೇ ಚಿಹ್ನೆಗಳ ಪ್ರೋಗ್ರಾಮಿಂಗ್ ಭಾಷೆಯೊಂದಿದೆ. ಅಮಿಗಾ ಕಂಪ್ಯೂಟರಿಗೆ ಅತಿ ಪುಟ್ಟ ಕಂಪೈಲರ್ ಬರೆಯುವ ಹಟಕ್ಕೆ ಬಿದ್ದ ಅರ್ಬನ್ ಮ್ಯೂಲರ್ 1993ರಲ್ಲಿ ಅದನ್ನು ಹುಟ್ಟಿಸಿದ. ಹೆಸರು ಬ್ರೇನ್‌ಫಕ್, ಹಿರಿಯರ ಎದುರು ಬಿಎಫ್ ಎಂದರೆ ಸಾಕು. ಸಂಬಳ ತರುವ ಕೆಲಸ ಯಾವುದೂ ಇದರಲ್ಲಿ ಆಗುವುದಿಲ್ಲ. ಆದರೂ ದೇವದುರ್ಗ, ಮಾನ್ವಿ ಕಡೆಯಿಂದ ಬಸ್ಸು ಹಿಡಿದು ರಾಯಚೂರಿಗೆ ಬಂದು ಬಿಸಿಎ, ಡಿಪ್ಲೊಮಾ ಓದುವವರು ಮನೆಯ ಹಳೇ ಕಂಪ್ಯೂಟರಿನಲ್ಲಿ ಇದನ್ನೊಮ್ಮೆ ಓಡಿಸಿ ನೋಡಬೇಕು. ಲ್ಯಾಬ್ ಮ್ಯಾನ್ಯುಯಲ್ ನೋಡಿ ಪ್ರೋಗ್ರಾಮ್ ಇಳಿಸಿಕೊಂಡು, ಔಟ್‌ಪುಟ್ ಬಂತೆಂದು ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳುವ ಓದಿಗಿಂತ ಇದು ಹೆಚ್ಚು ಕಲಿಸುತ್ತದೆ.

ಇದನ್ನು ಓಡಿಸುವ ಇಂಟರ್‌ಪ್ರಿಟರನ್ನು ನಾವೇ ಬರೆದುಕೊಳ್ಳಲು ಬೇಕಾದ್ದು ಸಿ ಕಂಪೈಲರ್ ಮಾತ್ರ. ಪುಕ್ಕಟೆ ಸಿಗುವ ಜಿಸಿಸಿ ಸಾಕು. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ಟಿನ ಹಂಗಿಲ್ಲ. 30,000 ಖಾನೆಗಳ ಒಂದು ಅರೇ, ಅದರ ಮೇಲೆ ಎಡಬಲಕ್ಕೆ ಸರಿಯುವ ಒಂದು ಪಾಯಿಂಟರ್. ಪ್ಲಸ್ ಕಂಡರೆ ಖಾನೆಯ ಅಂಕಿಗೆ ಒಂದು ಕೂಡಿಸು, ಮೈನಸ್ ಕಂಡರೆ ಒಂದು ಕಳೆ, ಚುಕ್ಕಿ ಕಂಡರೆ ತೆರೆಗೆ ಕಳಿಸು. ಚೌಕ ಆವರಣಗಳೆಂದರೆ ಲೂಪ್. ಎಡವುವುದು ಇಲ್ಲೇ. ಆವರಣದೊಳಗೆ ಆವರಣ ಬಂದಾಗ ಯಾವುದಕ್ಕೆ ಯಾವುದು ಜೋಡಿ ಎಂದು ಲೆಕ್ಕ ಇಟ್ಟುಕೊಳ್ಳಬೇಕು. ಪರೀಕ್ಷೆಗಾಗಿ ಉರು ಹೊಡೆದಿದ್ದ ಸ್ಟ್ಯಾಕ್ ಯಾತಕ್ಕೆ ಬೇಕೆಂದು ಆಗ ತಿಳಿಯುತ್ತದೆ.

ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65 ಪ್ಲಸ್, ಒಂದು ಚುಕ್ಕಿ. (ಲೂಪ್ ಬಲ್ಲವರು ಎಂಟೆಂಟಲ ಅರವತ್ನಾಲ್ಕು ಮಾಡಿ, ಮೇಲೊಂದು ಕೂಡಿಸಿ ಮುಗಿಸುತ್ತಾರೆ.) ಕನ್ನಡದ 'ಅ' ಅಷ್ಟು ಸಲೀಸಲ್ಲ. ಯುಟಿಎಫ್-8ರಲ್ಲಿ ಅದು ಮೂರು ಬೈಟ್: 224, 178, 133. ಮೂರೂ ಇದೇ ಸಾಲಿನಲ್ಲಿ ಹೋಗಬೇಕು. ಖಾನೆಗಳನ್ನು ಅನ್‌ಸೈನ್ಡ್ ಕ್ಯಾರ್ ಮಾಡಿಟ್ಟಿದ್ದರೆ ಸೊನ್ನೆಯಲ್ಲಿ ಒಂದು ಕಳೆದಾಗ 255 ಆಗುತ್ತದೆ. ಈ ಗುಟ್ಟು ಹಿಡಿದವರು ಹಿಂದಿನಿಂದ ಬರುತ್ತಾರೆ: 32 ಮೈನಸ್, ಚುಕ್ಕಿ, ಇನ್ನೂ 46 ಮೈನಸ್, ಚುಕ್ಕಿ, ಇನ್ನೂ 45 ಮೈನಸ್, ಚುಕ್ಕಿ. ಔಟ್‌ಪುಟ್ಟನ್ನು ಫೈಲಿಗೆ ಕಳಿಸಿ ಬ್ರೌಸರಿನಲ್ಲಿ ತೆರೆದರೆ 'ಅ' ಕಾಣುತ್ತದೆ. ಕೊನೆಯ ಕಂತಿನಲ್ಲಿ ಒಂದು ಮೈನಸ್ ಮರೆತರೆ 'ಆ' ಆಗುತ್ತದೆ. ಮೊದಲ ಕಂತಿನಲ್ಲಿ ಮರೆತರಂತೂ ಮೂರೂ ಬೈಟ್ ಸರಿದು ಇಂಡೊನೇಷ್ಯಾದ ಸುಂಡಾ ಲಿಪಿಯ ಚಿಹ್ನೆಯೊಂದು ಬಂದು ಕೂರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಖಾಲಿ ಡಬ್ಬಿ.

'ಇದ್ರಿಂದ ನೌಕರಿ ಸಿಗ್ತದೇನು?' ಎಂದು ಮನೆಯಲ್ಲಿ ಕೇಳುವುದು ಸಹಜ. ನೇರವಾಗಿ ಸಿಗುವುದಿಲ್ಲ. ಆದರೆ ಹಳೇ ನುಡಿ ಫಾಂಟಿನಲ್ಲಿ ಟೈಪಾದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದನ್ನು ಎಷ್ಟೋ ಮಂದಿ ನೋಡಿದ್ದಾರೆ. ನುಡಿಯ ಹಳೇ ಎನ್‌ಕೋಡಿಂಗ್ ಬೇರೆ, ಯೂನಿಕೋಡ್ ಬೇರೆ. ಮೈನಸ್ ಎಣಿಸಿ 'ಅ' ತರಿಸಿದ ಹುಡುಗಿಗೆ ಆ ಕಡತ ಯಾಕೆ ಕೆಟ್ಟಿತು, ಎಲ್ಲಿಂದ ರಿಪೇರಿ ಶುರು ಮಾಡಬೇಕು ಎಂಬುದು ಗೊತ್ತಾಗುತ್ತದೆ. ಪೈಥಾನ್ ಕೋರ್ಸಿನ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿದವರೆಲ್ಲರಿಗೂ ಅದು ಗೊತ್ತಿರುತ್ತದೆಂದು ಹೇಳಲಾಗದು.

ರಾಯಚೂರಿನ ಐಐಐಟಿ 2019ರಲ್ಲಿ ಶುರುವಾಯಿತು. ಅಲ್ಲಿನ ವಿದ್ಯಾರ್ಥಿಗಳು ಬಿಡುವಿನ ಶನಿವಾರಗಳಲ್ಲಿ ದೇವದುರ್ಗ, ಮಾನ್ವಿಯ ಕಾಲೇಜುಗಳಿಗೆ ಹೋಗಿ ಈ ಪುಟ್ಟ ಇಂಟರ್‌ಪ್ರಿಟರ್ ಬರೆಸಬಹುದು. ಪ್ರೊಜೆಕ್ಟರ್ ಬೇಡ, ಸ್ಮಾರ್ಟ್ ಕ್ಲಾಸ್ ಬೇಡ. ನಡೆಯುವ ಒಂದು ಕಂಪ್ಯೂಟರ್, ಎರಡು ತಾಸು ಕರೆಂಟು ಇದ್ದರೆ ಕೆಲಸ ಮುಗಿಯುತ್ತದೆ.