ನಕಲಿದ್ದರೆ ಸಾಲದು

ದಕ್ಷಿಣ ಕೊರಿಯಾದ ದೇಜನ್ ನಗರದಲ್ಲಿರುವ ಸರಕಾರೀ ದತ್ತಾಂಶ ಕೇಂದ್ರಕ್ಕೆ ೨೦೨೫ನೆಯ ಸೆಪ್ಟೆಂಬರ್ ೨೬ರಂದು ಬ್ಯಾಟರಿಗಳಿಂದ ಬೆಂಕಿ ಹತ್ತಿ, ಆ ದೇಶದ ಆರುನೂರಕ್ಕೂ ಮಿಕ್ಕ ಸರಕಾರೀ ಸೇವೆಗಳು ಒಮ್ಮೆಗೇ ನಿಂತುಹೋದ ವೃತ್ತಾಂತವನ್ನು ನಮ್ಮ ವಾಚಕರು ಮರೆತಿರಲಾರರು. ಸರಕಾರೀ ನೌಕರರು ಕಡತಗಳನ್ನಿಡುತ್ತಿದ್ದ 'ಜಿ-ಡ್ರೈವ್' ಎಂಬ ಭಂಡಾರದ ೮೫೮ ಟೆರಾಬೈಟುಗಳಷ್ಟು ಬರಹ ಅಂದು ಸುಟ್ಟುಹೋಯಿತು; ಅದರ ನಕಲು ಹೊರಗೆಲ್ಲಿಯೂ ಇರಲಿಲ್ಲ. ಭಂಡಾರವು ಅತಿ ದೊಡ್ಡದಾದುದರಿಂದ ನಕಲು ತೆಗೆಯಲಾಗಲಿಲ್ಲವೆಂಬುದು ಅಧಿಕಾರಿಗಳು ಕೊಟ್ಟ ಸಮಾಧಾನ. ಭಂಡಾರ ದೊಡ್ಡದಾದಷ್ಟೂ ಕಾವಲು ದೊಡ್ಡದಾಗಬೇಕೆಂಬುದು ಲೋಕರೂಢಿ. ಇಲ್ಲಿ ಅದು ತಲೆಕೆಳಗಾಯಿತು.

ಇದು ನೆರೆಮನೆಯ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ೨೦೨೨ನೆಯ ನವೆಂಬರ್ ೨೩ರಂದು ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸರ್ವರುಗಳಿಗೆ ದುಷ್ಕರ್ಮಿಗಳು ಗುಪ್ತಲಿಪಿಯ ಬೀಗ ಹಾಕಿದರು. ದೂರದೂರದಿಂದ ಬಂದ ರೋಗಿಗಳ ಹೆಸರನ್ನು ಹಲವು ದಿನ ಕಾಗದದ ಮೇಲೆ ಬರೆದುಕೊಳ್ಳಬೇಕಾಯಿತು. ಪುಣ್ಯವಶಾತ್ ಒಂದು ಬ್ಯಾಕಪ್ ಸರ್ವರು ಅವರ ಕೈಗೆ ಸಿಕ್ಕಿರಲಿಲ್ಲ. ಆಸ್ಪತ್ರೆಯ ದಾಖಲೆಗಳನ್ನು ಅದರಿಂದಲೇ ಹೊಸ ಸರ್ವರುಗಳಿಗೆ ತುಂಬಲಾಯಿತು. ನಕಲು ಮಾನ ಉಳಿಸಿತು.

ಹಾಗಾದರೆ ನಕಲಿದ್ದರೆ ಸಾಕೇ? ಸಾಲದೆಂಬುದೇ ನಮ್ಮ ವಾದ. ೨೦೧೭ನೆಯ ಜನವರಿ ೩೧ರ ರಾತ್ರಿ ಗಿಟ್‌ಲ್ಯಾಬ್ ಎಂಬ ವಿದೇಶೀ ಸಂಸ್ಥೆಯ ನೌಕರನೊಬ್ಬನು ಕಣ್ತಪ್ಪಿನಿಂದ ಜೀವಂತ ದತ್ತಾಂಶವನ್ನೇ ಅಳಿಸಿಬಿಟ್ಟನು. ರಕ್ಷಣೆಗೆಂದು ಐದು ಬಗೆಯ ಏರ್ಪಾಡುಗಳಿದ್ದುವು. ಐದರಲ್ಲಿ ಒಂದೂ ನೆಚ್ಚತಕ್ಕ ಸ್ಥಿತಿಯಲ್ಲಿರಲಿಲ್ಲ. ನಿತ್ಯದ ನಕಲು ತೆಗೆಯುವ ತಂತ್ರಾಂಶವು ವಿಫಲವಾಗುತ್ತಲೇ ಇತ್ತು. ಆ ವೈಫಲ್ಯವನ್ನು ತಿಳಿಸುವ ಅಂಚೆಯೂ ಯಾರಿಗೂ ತಲಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮೊದಲು ಅಕಸ್ಮಾತ್ತಾಗಿ ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಯಿತು. ಆ ಸಂಸ್ಥೆಯವರು ಇದೆಲ್ಲವನ್ನೂ ಮುಚ್ಚಿಡದೆ ತಾವೇ ಪ್ರಕಟಿಸಿದುದು ಶ್ಲಾಘ್ಯ. ಎದ್ದು ನಡೆದು ತೋರದ ನಕಲು ನಕಲೇ ಅಲ್ಲ. ಅದು ಬರಿಯ ಆಶೆ.

ನಕಲನ್ನು ನಡೆಸಿ ನೋಡುವ ಉಪಾಯವಾದರೋ ಈಗ ಸುಲಭವಾಗಿದೆ. ಮೊದಲು ಒಂದು ಸರ್ವರನ್ನು ಪರೀಕ್ಷಿಸಲು ಅದೇ ತರಹದ ಇನ್ನೊಂದು ಯಂತ್ರವನ್ನು ಕೊಳ್ಳಬೇಕಾಗಿತ್ತು, ಖಜಾನೆಯವರು ಒಪ್ಪುತ್ತಿರಲಿಲ್ಲ. ಇಂದು ಒಂದು ದೊಡ್ಡ ಯಂತ್ರದೊಳಗೆ ತಂತ್ರಾಂಶದ ಬಲದಿಂದಲೇ ಹಲವು ಯಂತ್ರಗಳನ್ನು ಕಲ್ಪಿಸಬಹುದು. ಇವೇ ವರ್ಚುವಲ್ ಮೆಷಿನ್‌ಗಳು. ಇದೇನೂ ನಿನ್ನೆಯ ವಿದ್ಯೆಯಲ್ಲ. ಐಬಿಎಂ ಸಂಸ್ಥೆಯು ೧೯೭೨ರಲ್ಲಿಯೇ ಇದನ್ನು ಮಾರಾಟದ ಯಂತ್ರಗಳಿಗೆ ತಂದಿತು. ೨೦೦೭ರಿಂದ ಲಿನಕ್ಸಿನೊಳಗೇ ಕೆವಿಎಂ ಎಂಬ ಸಾಧನವು ಬೆಲೆಯಿಲ್ಲದೆ ದೊರೆಯುತ್ತಿದೆ. ಆದುದರಿಂದ ಹಣವಿಲ್ಲವೆಂಬ ನೆವವು ಇನ್ನು ನಡೆಯಲಾರದು.

ಆದರೆ ಕಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ಯಂತ್ರದ ಡಿಸ್ಕಿಗೆ ಹೊಂದಿಕೊಂಡಿದ್ದ ಡ್ರೈವರು ಹೊಸ ಮನೆಯಲ್ಲಿ ಡಿಸ್ಕನ್ನೇ ಗುರುತಿಸದಿರಬಹುದು. ಆಗ ವಿಂಡೋಸಾದರೆ ನೀಲಿಯ ಪರದೆ ತೋರಿ ನಿಲ್ಲುತ್ತದೆ, ಲಿನಕ್ಸಾದರೆ ನಡುದಾರಿಯಲ್ಲಿ ಕೂರುತ್ತದೆ. ಹಳೆಯದು ಬಯಾಸ್ ಪದ್ಧತಿಯಿಂದ ಏಳುತ್ತಿದ್ದು ಹೊಸದನ್ನು ಯುಇಎಫ್ಐ ಪದ್ಧತಿಗೆ ಹೂಡಿದ್ದರೆ ಅದು ಏಳುವುದೇ ಇಲ್ಲ. ಜಾಲದ ಕಾರ್ಡು ಬದಲಾದುದರಿಂದ ವಿಳಾಸವು ತಪ್ಪುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಎದ್ದ ನಕಲನ್ನು ಹೊರಗಣ ಜಾಲಕ್ಕೆ ಬಿಡಲೇಕೂಡದು. ಬಿಟ್ಟರೆ ಒಂದೇ ಹೆಸರು, ಒಂದೇ ವಿಳಾಸದ ಇಬ್ಬರು ಕಾದಾಡುವರು. ಒಂದೇ ನೋಟೀಸು ಪ್ರಜೆಗಳಿಗೆ ಎರಡು ಸಲ ಹೋಗುವುದು. ಇವೆಲ್ಲ ಪರಿಹಾರವಿರುವ ತೊಡಕುಗಳೇ. ಆದರೆ ಇವುಗಳ ಪರಿಚಯವು ಬಿಡುವಿನ ದಿನ ಆಗಬೇಕೇ, ಕಛೇರಿಯ ಬಾಗಿಲಲ್ಲಿ ಜನ ನಿಂತಿರುವ ದಿನ ಆಗಬೇಕೇ ಎಂಬುದೇ ಪ್ರಶ್ನೆ.

ಪ್ರತಿರಾತ್ರಿ 'ಬ್ಯಾಕಪ್ ಯಶಸ್ವಿ' ಎಂಬ ವರದಿ ಬರುತ್ತಿದೆ, ಹೊಣೆ ಗುತ್ತಿಗೆದಾರರದು, ಎಂದು ಕೆಲವು ಅಧಿಕಾರಿಗಳು ಹೇಳಬಹುದು. ಬರೆಯುವ ಕೆಲಸ ಮುಗಿಯಿತೆಂಬುದಕ್ಕೆ ಮಾತ್ರ ಆ ವರದಿ ಸಾಕ್ಷಿ. ಬರೆದುದನ್ನು ಓದಬಹುದೆಂಬುದಕ್ಕೆ ಅಲ್ಲ. ಇನ್ನು ಹೊಣೆಯ ಮಾತು. ನಮ್ಮ ನಾಡಿನಲ್ಲಿ 'ಭೂಮಿ' ಯೋಜನೆ ಬಂದ ಮೇಲೆ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿ, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಶಾನುಭೋಗರ ಲೆಕ್ಕದ ಪುಸ್ತಕಕ್ಕೆ ಹಿಂದಿರುಗುವ ದಾರಿ ಈಗಿಲ್ಲ. ರೈತನ ಹಕ್ಕು ಸರ್ವರನ್ನು ನಂಬಿಕೊಂಡಿರುವಾಗ, ಆ ಸರ್ವರಿನ ನಕಲನ್ನು ನಂಬಬಹುದೆಂದು ರುಜುವಾತು ಮಾಡುವ ಹೊಣೆ ಸರಕಾರದ್ದೇ ಹೊರತು ಗುತ್ತಿಗೆದಾರರದಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಪ್ರಜೆಗಳ ದಾಖಲೆಗಳನ್ನಿಟ್ಟುಕೊಂಡ ಪ್ರತಿಯೊಂದು ಇಲಾಖೆಯೂ ಮೂರು ತಿಂಗಳಿಗೊಮ್ಮೆ, ಮುಂಚಿತವಾಗಿ ತಿಳಿಸದ ಒಂದು ದಿನ, ತನ್ನ ನಕಲನ್ನು ಪ್ರತ್ಯೇಕ ಜಾಲದಲ್ಲಿ ವರ್ಚುವಲ್ ಮೆಷಿನ್ನಾಗಿ ಎಬ್ಬಿಸತಕ್ಕದ್ದು. ಏಳಲು ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡತಕ್ಕದ್ದು. ಗುತ್ತಿಗೆದಾರನಲ್ಲ, ಇಲಾಖೆಯ ಗುಮಾಸ್ತನೇ ಅದರಲ್ಲಿ ಕೆಲವು ದಾಖಲೆಗಳನ್ನು ತೆರೆದು ಮೂಲದೊಡನೆ ತಾಳೆ ನೋಡತಕ್ಕದ್ದು. ಒಂದು ಪ್ರತಿಯನ್ನಾದರೂ ಬೇರೆ ಊರಿನಲ್ಲಿ, ಜಾಲದ ಸಂಪರ್ಕವಿಲ್ಲದೆ ಇಡತಕ್ಕದ್ದು. ಪರೀಕ್ಷೆಯ ಫಲವನ್ನು, ಅದು ಸೋಲಾದರೂ ಸರಿಯೇ, ವಾರ್ಷಿಕ ವರದಿಯಲ್ಲಿ ಪ್ರಕಟಿಸತಕ್ಕದ್ದು. ಸೋಲನ್ನು ಒಪ್ಪಿಕೊಂಡ ಅಧಿಕಾರಿಗೆ ಶಿಕ್ಷೆಯಾಗಬಾರದು. ಪರೀಕ್ಷೆಯನ್ನೇ ಮಾಡದವನಿಗೆ ಆಗಬೇಕು.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅವಿವೇಕವೆಂದು ಎಲ್ಲರೂ ಬಲ್ಲರು. ತೋಡಿದ ಬಾವಿಯಲ್ಲಿ ನೀರಿದೆಯೇ ಎಂದು ಬಗ್ಗಿ ನೋಡದಿರುವುದೂ ಅಷ್ಟೇ ಅವಿವೇಕ. ಸರಕಾರದವರು ಒಮ್ಮೆ ಕೊಡವನ್ನು ಇಳಿಸಿ ನೋಡಲಿ.