ಕರಿಗುಡ್ಡೆಗೆ ಗಾಯವಾದಾಗ

ಕಿರಾಣಿ, ಬಟ್ಟೆ, ಹಾರ್ಡ್‌ವೇರ್, ನಮ್ಮ ವ್ಯಾಪಾರ ಯಾವುದೇ ಇರಲಿ, ದಿನಕ್ಕೆ ಹತ್ತಾರು ಸಲ ಬಂಡಲು ಬಿಚ್ಚುವ ಕೆಲಸ ತಪ್ಪಿದ್ದಲ್ಲ. ಬಿಗಿದ ತಂತಿಯನ್ನು ಕತ್ತರಿಸಿದ ಕೂಡಲೇ ಅದು ಚಿಮ್ಮಿ ಮುಖಕ್ಕೆ ಬಡಿಯಬಹುದು. ಮನೆಯಲ್ಲಿ ಮಕ್ಕಳ ಕೈಗೆ ಪೊರಕೆಕಡ್ಡಿಯ ಬಿಲ್ಲುಬಾಣ, ದೀಪಾವಳಿಗೆ ಪಟಾಕಿ. ಇಂಥ ಪೆಟ್ಟುಗಳಿಗೆ ಮೊದಲು ಎದುರಾಗುವುದು ಕಣ್ಣಿನ ಕಾರ್ನಿಯಾ.

ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕುಳಿತಿರುವ ಈ ಪಾರದರ್ಶಕ ಪರದೆ ನಡುವೆ ಸುಮಾರು ಅರ್ಧ ಮಿಲಿಮೀಟರು ದಪ್ಪವಷ್ಟೇ. ಮೇಲ್ಪದರ ಕೆರೆದಿದ್ದರೆ ಔಷಧಿಯ ಹನಿಗಳಿಂದ ಕೆಲವೇ ದಿನಗಳಲ್ಲಿ ಮಾಯುತ್ತದೆ. ಆರಪಾರ ಸೀಳಿದರೆ ಮಾತೇ ಬೇರೆ. ಒಳಗಿನ ನೀರು ಸೋರುತ್ತದೆ, ಹಿಂದಿರುವ ಕಂದು ಪರದೆ ಗಾಯದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ, ದುಂಡಗಿದ್ದ ಪಾಪೆ ಒಂದು ಕಡೆಗೆ ಎಳೆದುಕೊಂಡಂತೆ ಕಾಣುತ್ತದೆ.

ಆಗ ಕಣ್ಣು ತೊಳೆಯಬಾರದು, ಉಜ್ಜಬಾರದು, ಚುಚ್ಚಿಕೊಂಡಿದ್ದನ್ನು ಕೀಳಬಾರದು. ಎದೆಹಾಲು, ಹರಳೆಣ್ಣೆ, ತುಪ್ಪ ಯಾವುದೂ ಬೇಡ. ಅಜ್ಜಿಯರು ಮುನಿಸಿಕೊಂಡರೂ ಚಿಂತೆಯಿಲ್ಲ! ಕಾಗದದ ಲೋಟದ ತಳವನ್ನು ಕಣ್ಣಿಗೆ ತಾಗದಂತೆ ಹುಬ್ಬು ಮತ್ತು ಕೆನ್ನೆಯ ಎಲುಬಿನ ಮೇಲೆ ಕೂರಿಸಿ ಅಂಟಿಸಿ ಹೊರಡಬೇಕು. ಅಳುವ ಮಗುವಿಗೆ ಹಾಲು ಬಿಸ್ಕತ್ತು ಕೊಟ್ಟರೆ ಅರಿವಳಿಕೆಗೆ ತಡವಾಗುತ್ತದೆ.

ಸುಣ್ಣ ಬಿದ್ದರೆ ಮಾತ್ರ ಇದಕ್ಕೆ ತದ್ವಿರುದ್ಧ. ಎಲೆಯಡಿಕೆಯ ಸುಣ್ಣದ ಪ್ಯಾಕೆಟ್ಟನ್ನು ಮಗು ಹಿಸುಕಿ ಕಣ್ಣಿಗೆ ಸಿಡಿಸಿಕೊಂಡರೆ, ನಿಂತ ನಿಲುವಿನಲ್ಲೇ ರೆಪ್ಪೆ ಬಿಡಿಸಿ ಅರ್ಧ ಗಂಟೆ ಶುದ್ಧ ನೀರು ಹರಿಸಬೇಕು. ಆಸ್ಪತ್ರೆಯ ದಾರಿ ಅದರ ನಂತರ.

ಸೀಳಿದ ಗಾಯವನ್ನು ಸಾಧ್ಯವಾದರೆ 24 ಗಂಟೆಯೊಳಗೆ ಹೊಲಿಯಬೇಕು; ತಡವಾದಷ್ಟೂ ಕಣ್ಣಿನೊಳಗೆ ಕೀವಾಗುವ ಭಯ. ಹೊಸೂರಿನ ನಮ್ಮವರಿಗೆ ಬೆಂಗಳೂರಿನಲ್ಲಿ 1896ರಿಂದ ಇರುವ ಮಿಂಟೋ ಆಸ್ಪತ್ರೆ ಇದೆ. ಆದವಾನಿ, ರಾಯದುರ್ಗದವರು ಹೈದರಾಬಾದಿನಲ್ಲಿ 1987ರಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ಸಂಸ್ಥೆಯ ಹೆಸರು ಕೇಳಿರುತ್ತಾರೆ. ಆದರೆ ದೊಡ್ಡ ಹೆಸರಿಗಾಗಿ ಒಂದು ರಾತ್ರಿ ಕಳೆಯುವುದಕ್ಕಿಂತ ಹತ್ತಿರದ ಊರಿನ ಕಣ್ಣಿನ ಶಸ್ತ್ರವೈದ್ಯರೇ ಮೇಲು ಎಂದು ನಮ್ಮ ಅಭಿಪ್ರಾಯ.

ಹೊಲಿಗೆಯ ನೈಲಾನ್ ಎಳೆ ತಲೆಗೂದಲಿಗಿಂತ ತೆಳ್ಳಗಿರುತ್ತದೆ. ಸೂಕ್ಷ್ಮದರ್ಶಕದಡಿ ವೈದ್ಯರು ಕಂದು ಪರದೆಯನ್ನು ಒಳಗೆ ಸರಿಸಿ, ಗಾಯದ ಎರಡು ಅಂಚನ್ನೂ ಸಮ ಆಳದಲ್ಲಿ ಸೇರಿಸುತ್ತಾರೆ. ಗಂಟು ರೆಪ್ಪೆಗೆ ಚುಚ್ಚದಂತೆ ಒಳಗೆ ಹೂತಿರಬೇಕು. ಕೊನೆಗೆ ಬಣ್ಣದ ಹನಿ ಹಾಕಿ ನೀರು ಸೋರುತ್ತಿಲ್ಲವೆಂದು ನೋಡುತ್ತಾರೆ. ಬಿಗಿ ಹೆಚ್ಚಾದರೆ ಗುಡ್ಡೆಯ ಉಬ್ಬು ಸೊಟ್ಟಾಗಿ ನೋಟ ಕಲಸುತ್ತದೆ. ಹೊಲಿಗೆ ಬಿಚ್ಚುವುದು ತಿಂಗಳುಗಳ ಮೇಲೆ. ಕಣ್ಣು ಕೆಂಪಾಗಿಲ್ಲವೆಂದು ಮಧ್ಯೆ ತೋರಿಸುವುದನ್ನು ಬಿಟ್ಟವರು ನಷ್ಟಪಡುತ್ತಾರೆ. ಚಿಕ್ಕ ಮಕ್ಕಳಲ್ಲಂತೂ ಗಾಯ ಮಾಯ್ದರೂ ಕಣ್ಣು ಸೋಮಾರಿಯಾಗಬಹುದು. ಆಗ ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಕಟ್ಟಿ ಗಾಯದ ಕಣ್ಣನ್ನು ದುಡಿಸಬೇಕು. ಮಗು ಹಟ ಮಾಡುತ್ತದೆ, ತಾಯಂದಿರು ಕರಗಬಾರದು.

ನಟ್ಟನಡುವೆ ಬಿಳಿ ಕಲೆ ಉಳಿದರೆ ಬೇರೆಯವರ ಕಾರ್ನಿಯಾ ಕೂರಿಸುವ ದಾರಿಯಿದೆ. ಅದರ ಮೊದಲ ಯಶಸ್ಸು 1905ರ ಡಿಸೆಂಬರಿನದು. ಮೊರಾವಿಯಾದ ಓಲೋಮೋಟ್ಸ್ ಊರಿನಲ್ಲಿ ಡಾ. ಎಡ್ವರ್ಡ್ ಜಿರ್ಮ್, ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರನೊಬ್ಬನಿಗೆ, ಗಾಯದಿಂದ ಕಣ್ಣು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗನ ಕಾರ್ನಿಯಾ ಕೂರಿಸಿದರು. ಒಂದು ಕಣ್ಣು ಕೈಕೊಟ್ಟಿತು, ಇನ್ನೊಂದು ಉಳಿಯಿತು. ಇಂದು ಕಾರ್ನಿಯಾ ಬರುವುದು ತೀರಿಕೊಂಡವರಿಂದ. ಮರಣವಾದ ಆರು ಗಂಟೆಯೊಳಗೆ ನೇತ್ರಭಂಡಾರದವರು ಬಂದು ತೆಗೆಯಬೇಕು. ಕನ್ನಡಕ ಹಾಕುತ್ತಿದ್ದವರೂ, ಪೊರೆ ತೆಗೆಸಿಕೊಂಡವರೂ ಕೊಡಬಹುದು. ಅವರು ಬರುವವರೆಗೆ ಫ್ಯಾನು ನಿಲ್ಲಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟಿರಬೇಕು.